ಬಲಗಡೆಯ ಸೀಟು

ಆಗಸ್ಟ್ ತಿಂಗಳ ಎರಡನೇ ಶನಿವಾರ ಮಾರ್ವ್ ಎಡ್ಲಂಡ್ ಹೇಳದೆ ಕೇಳದೆ ಗಿರಾಕಿಗಳನ್ನು ಕರೆದುಕೊಂಡು ಬಂದ. ಮೊದಲೇ ಹೇಳಿದ್ದರೆ ಐಲಿ ಬೇಡ ಅನ್ನುತ್ತಿದ್ದಳು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೆರೆಯ ಆಚೆ ದಡದ ಈ ಹಳೆಯ ಗೆಳೆಯನ ಸ್ವಭಾವವೇ ಅಂಥದು. ಇನ್ನೊಬ್ಬರ ಮನೆಯ ವಿಷಯದಲ್ಲಿ ದಿನಕ್ಕೊಂದು ಸಲ ಮೂಗು ತೂರಿಸದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಐಲಿಯ ಗಂಡ ರೂಡಿ ಪೆಲ್ಟೋಮಾ ಸತ್ತು ಐದು ತಿಂಗಳಾಗಿತ್ತು. ಅವನ ವಿಮಾನ ಕೆರೆಯ ದಡದ ಶೆಡ್ಡಿನಲ್ಲಿ ಹಾಗೇ ನಿಂತಿತ್ತು. ಒಂಬತ್ತು ವರ್ಷ ಕೂತು, ಎದ್ದು, ಬೈದುಕೊಂಡು, ಕೈಯಾರೆ ಕಟ್ಟಿದ ವಿಮಾನ ಅದು. ಕೆಳಗೆ ದೋಣಿಯ ಹೊಟ್ಟೆ, ಮೇಲೆ ರೆಕ್ಕೆ, ಬೆನ್ನ ಮೇಲೆ ಇಂಜಿನ್ನು, ಪಕ್ಕಪಕ್ಕದಲ್ಲಿ ಎರಡು ಸೀಟು. ನೀರಿನ ಮೇಲೆ ಇಳಿಯುತ್ತಿತ್ತು, ಚಕ್ರ ಕೆಳಗಿಳಿಸಿದರೆ ನೆಲದ ಮೇಲೂ ಇಳಿಯುತ್ತಿತ್ತು. ಮರ, ಪ್ಲೈವುಡ್ಡು, ಅಂಟು, ಇಷ್ಟರಲ್ಲೇ ಎಲ್ಲ ಮುಗಿದಿತ್ತು. ಮೊಣಕೈ ಎಂಬ ಹೆಸರಿನ ಆ ಕೆರೆಯ ಮೇಲೆ ಹನ್ನೊಂದು ಬೇಸಿಗೆ ಹಾರಿ ಒಂದು ಸಲವೂ ಕೈಕೊಟ್ಟಿರಲಿಲ್ಲ.

ಬಂದವರು ದುಲೂತ್ ಪಟ್ಟಣದ ಕಡೆಯ ಗಂಡಹೆಂಡತಿ. ಟ್ರಾಯ್ ಅಗ್ನಿಶಾಮಕ ದಳದಲ್ಲಿದ್ದ, ಜೋಲೀನ್ ಶಾಲೆಯ ಬಸ್ ಓಡಿಸುತ್ತಿದ್ದಳು. ಟ್ರಾಯ್ ಬಂದವನೇ ವಿಮಾನದ ಹೊಟ್ಟೆಯಡಿ ಅಂಗಾತ ಮಲಗಿ ಟಾರ್ಚ್ ಹಿಡಿದ. ಜೋಲೀನ್ ಮಾತ್ರ ಐಲಿಯ ಪಕ್ಕ ನಿಂತು ಕಾಫಿ ಕುಡಿಯುತ್ತ, ಏಲಕ್ಕಿ ಬ್ರೆಡ್ಡಿನ ಎರಡನೇ ತುಂಡಿಗೆ ಕೈ ಹಾಕುತ್ತ, ಬಾಯಿಗೆ ಬಿಡುವು ಕೊಡದೆ ಮಾತಾಡಿದಳು.

"ನಮ್ಮೋನು ಹತ್ತು ವರ್ಷದಿಂದ ಕಟ್ತೀನಿ ಕಟ್ತೀನಿ ಅಂತ ನಕ್ಷೆ ನೋಡ್ಕೊಂಡೇ ಕೂತವ್ನೆ. ಕಟ್ಟೋ ಆಸಾಮಿ ಅಲ್ಲ. ಕಟ್ಟಿರೋದನ್ನ ತಗೊಂಡುಬಿಡೋಣ, ನನ್ನ ಹಲ್ಲು ಉದುರೋಕ್ಕಿಂತ ಮುಂಚೆ ಒಂದ್ಸಲ ಹಾರ್ಬೇಕು ಅಂದೆ."

"ನಂಗೆ ಕೇಳ್ಸುತ್ತೆ ಜೋಲೀನ್," ಅಂದ ಟ್ರಾಯ್ ಕೆಳಗಿನಿಂದ.

"ಕೇಳ್ಲಿ ಅಂತಾನೇ ಹೇಳಿದ್ದು."

ಐಲಿಗೆ ನಗು ಬಂತು. ಐದು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಜೋಲೀನ್ ವಿಮಾನದ ಮೂತಿಯ ಹತ್ತಿರ ಬಗ್ಗಿ ಒಳಗೆ ತಿರುಪು ಹಾಕಿದ್ದ ತಗಡನ್ನು ಗಟ್ಟಿಯಾಗಿ ಓದಿದಳು: ತಯಾರಿಸಿದವರು, ಆರ್. ಮತ್ತು ಎ. ಪೆಲ್ಟೋಮಾ.

"ಅಯ್ಯೋ, ನಿಮ್ ಹೆಸರೂ ಇದೆ!"

"ಅವನೇ ಹಾಕ್ಸಿದ್ದು," ಅಂದಳು ಐಲಿ.

"ಅಂಟೆಲ್ಲ ಇವಳದೇ ಕಣಮ್ಮ," ಎಂದು ಮಾರ್ವ್ ನಡುವೆ ಬಾಯಿ ಹಾಕಿದ. "ಶಾಲೆ ಅಡುಗೆಮನೇಲಿ ಮುನ್ನೂರು ಮಕ್ಕಳಿಗೆ ಅಳತೆ ಹಾಕಿ ಬೇಯ್ಸಿದ ಕೈ ಅದು. ಒಂದು ಚಮಚ ಹೆಚ್ಚಿಲ್ಲ, ಒಂದು ಚಮಚ ಕಮ್ಮಿ ಇಲ್ಲ. ರೂಡಿ ಅಂಟು ಕಲಸೋಕೆ ಬೇರೆ ಯಾರ್ನೂ ಬಿಡ್ತಿರ್ಲಿಲ್ಲ."

ಐಲಿ ಕಾಫಿಯ ಲೋಟವನ್ನು ಬೆಂಚಿನ ಮೇಲಿಟ್ಟಳು.

ಬಲಗಡೆಯ ಸೀಟಿನಲ್ಲಿ ಒಂದು ಕ್ಯಾನ್ವಾಸ್ ಚೀಲ ಬೆಲ್ಟು ಕಟ್ಟಿಸಿಕೊಂಡು ಕೂತಿತ್ತು. ಅದರೊಳಗೆ ನೂರ ಮೂವತ್ತು ಪೌಂಡು ಮರಳು. ಇಂಜಿನ್ನಿನ ಭಾರವೆಲ್ಲ ಹಿಂದೆ ಇರುವುದರಿಂದ ರೂಡಿ ಒಬ್ಬನೇ ಹಾರುವಾಗ ಮುಂದೆ ತೂಕ ಬೇಕಾಗುತ್ತಿತ್ತು. ಐಲಿಯ ತೂಕ ಎಷ್ಟೋ ಅಷ್ಟೇ ಮರಳು ತುಂಬಿ ಹೊಲಿದಿದ್ದ. ತಲೆ ಸುತ್ತುತ್ತದೆ ಅಂತ ಐಲಿ ಯಾವತ್ತೂ ವಿಮಾನ ಹತ್ತದ್ದರಿಂದ ಚೀಲಕ್ಕೂ ಐಲಿ ಅಂತಲೇ ಹೆಸರಿಟ್ಟಿದ್ದ. ದೋಣಿ ಕಟ್ಟುವ ಕಟ್ಟೆಯ ಮೇಲೆ ಗೆಳೆಯರು ನಿಂತಿದ್ದರೆ ಬೇಕೆಂದೇ ಜೋರಾಗಿ, "ಬಾರೇ ಐಲಿ, ನಿಂಗೆ ತಲೆ ಸುತ್ತಲ್ಲ ತಾನೇ," ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಐಲಿಯೂ ನಗುತ್ತಿದ್ದಳು.

ಟ್ರಾಯ್ ಆ ಚೀಲವನ್ನು ಬಿಚ್ಚಿ ಕೆಳಗಿಳಿಸಿದ. ಜೋಲೀನ್ ಚಪ್ಪಲಿ ಬಿಟ್ಟು, ಅಂಚಿನ ಮೇಲೆ ಕಾಲಿಟ್ಟು, ಆ ಸೀಟಿನಲ್ಲಿ ಕೂತಳು. ಬೆಲ್ಟು ಎಳೆದು ಹಾಕಿಕೊಂಡಳು. ಅಂಗೈಯಿಂದ ಪಕ್ಕದ ಮರವನ್ನು ಸವರಿದಳು. ಅಮ್ಮನ ಮನೆಗೆ ಬಂದು ಕೂತವಳ ಹಾಗೆ ಆರಾಮವಾಗಿ ಕೂತಿದ್ದಳು.

"ಇಳಿ," ಅಂದಳು ಐಲಿ.

ಯಾರಿಗೂ ಅರ್ಥವಾಗಲಿಲ್ಲ.

"ದಯವಿಟ್ಟು ಇಳಿಯಮ್ಮ. ಇದು ಮಾರಾಟಕ್ಕಿಲ್ಲ. ಮಾರ್ವ್ ನಿಮ್ಮನ್ನ ಸುಮ್ನೆ ಅಷ್ಟು ದೂರದಿಂದ ಕರ್ಕೊಂಡ್ ಬಂದ. ನನ್ನ ಕ್ಷಮಿಸಿ."

ಜೋಲೀನ್‌ಳ ಮುಖ ಸಪ್ಪಗಾಯಿತು. ಆದರೂ ಒಳ್ಳೆಯ ಹುಡುಗಿ, ಮರುಮಾತಾಡದೆ ಇಳಿದಳು. ಐಲಿಯ ತೋಳು ಹಿಡಿದು, "ನಂಗರ್ಥ ಆಗುತ್ತೆ ಮಿಸೆಸ್ ಪೆಲ್ಟೋಮಾ. ಅವರ ಜಾಗದಲ್ಲಿ ಇನ್ನೊಬ್ರನ್ನ ನೋಡೋಕಾಗಲ್ಲ ಅಲ್ವಾ," ಅಂದಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲ. ಐಲಿ ಉಳಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು ಕಳಿಸಿದಳು.

ಅವರ ಗಾಡಿ ರಸ್ತೆ ಸೇರುವ ತನಕ ಕಾದು ಮಾರ್ವ್ ಬಾಯಿಬಿಟ್ಟ.

"ತಲೆ ಕೆಟ್ಟಿದೆಯಾ ನಿಂಗೆ? ಇದು ಶೆಡ್ಡಲ್ಲಿ ಕೂತು ಇಲಿಗಳಿಗೆ ಮನೆ ಆಗ್ಬೇಕಾ? ಅವರಿಗೆ ಕೊಟ್ಟಿದ್ರೆ ವಾರ ವಾರ ಹಾರಿಸ್ತಿದ್ರು. ರೂಡಿಗೆ ಇದಕ್ಕಿಂತ ಇನ್ನೇನು ಬೇಕಿತ್ತು?"

"ಮಾರ್ವ್, ಕೂತ್ಕೋ."

"ನಾನು ಕೂರಲ್ಲ. ನಂಗೆ ಕೋಪ ಬಂದಿದೆ."

"ಕೂತ್ಕೋ ಅಂದೆ."

ಮಾರ್ವ್ ಮರಳಿನ ಚೀಲದ ಮೇಲೆಯೇ ಕುಕ್ಕರಿಸಿದ. ಹದಿನಾರು ವರ್ಷ ಯಾರಿಗೂ ಹೇಳದ್ದನ್ನು ಐಲಿ ಅವನಿಗೆ ಹೇಳಿದಳು.

ಎಂಬತ್ತಾರನೇ ಇಸವಿಯ ಜನವರಿ. ಅದಕ್ಕೆ ಮುಂಚೆ ಹತ್ತು ತಿಂಗಳು ಕಬ್ಬಿಣದ ಗಣಿ ಮುಚ್ಚಿ ರೂಡಿ ಮನೆಯಲ್ಲಿ ಕೂತಿದ್ದ. ಕೆಲಸವಿಲ್ಲದ ಗಂಡಸರು ಆ ವರ್ಷ ಏನೇನಾದರು ಎಂಬುದು ಆ ಕಡೆಯವರಿಗೆಲ್ಲ ಗೊತ್ತು. ಕುಡಿದು ಕೆಟ್ಟವರಿದ್ದರು, ಊರು ಬಿಟ್ಟವರಿದ್ದರು, ಒಬ್ಬ ಬಂದೂಕು ತೆಗೆದುಕೊಂಡು ಕಾಡಿಗೆ ಹೋದವನು ವಾಪಸು ಬರಲಿಲ್ಲ. ರೂಡಿ ಶೆಡ್ಡಿಗೆ ಹೋಗಿ ವಿಮಾನ ಕಟ್ಟಿದ. ಆ ವಿಮಾನ ತನ್ನ ಗಂಡನನ್ನು ಉಳಿಸಿತು ಅಂತ ಐಲಿ ಆಗಲೂ ನಂಬಿದ್ದಳು, ಈಗಲೂ ನಂಬುತ್ತಾಳೆ.

ರೆಕ್ಕೆಗಳ ಭಾರವನ್ನೆಲ್ಲ ಹೊರುವ ಅಡ್ಡತೊಲೆ ದೋಣಿಯ ಒಡಲಿಗೆ ಸೇರುವ ಜಾಗವೊಂದಿದೆ. ಇಡೀ ವಿಮಾನದಲ್ಲಿ ಅದಕ್ಕಿಂತ ದೊಡ್ಡ ಕೂಡು ಇನ್ನೊಂದಿಲ್ಲ. ಅದು ಬಿಟ್ಟರೆ ರೆಕ್ಕೆ ಬಿಟ್ಟಹಾಗೆ. ಆ ಕೂಡನ್ನು ಅಂಟಿಸುವ ಸಂಜೆಗೇ ಗಣಿಯಿಂದ ಕರೆ ಬಂದಿತ್ತು. ಮರುದಿನ ಬೆಳಗಿನ ಪಾಳಿಗೆ ಹಾಜರಾಗಬೇಕು. ರೂಡಿಗೆ ಕಾಲು ನೆಲದ ಮೇಲಿರಲಿಲ್ಲ. ಹಾಡಿಕೊಳ್ಳುತ್ತ ಮರ ಉಜ್ಜುತ್ತಿದ್ದ. ಐಲಿ ಬೆಂಚಿನ ಹತ್ತಿರ ನಿಂತು ಅಂಟು ಕಲಸುತ್ತಿದ್ದಳು. ಐದು ಚಮಚ ಅಂಟಿಗೆ, ಅದನ್ನು ಗಟ್ಟಿ ಮಾಡುವ ಒಂದು ಚಮಚ ಹಾರ್ಡ್‌ನರ್. ಆ ಸಂಜೆಗೆ ಇಪ್ಪತ್ತೈದಕ್ಕೆ ಐದು.

ಅಷ್ಟರಲ್ಲಿ ಶೆಡ್ಡಿನ ಗೋಡೆಯ ಫೋನು ಹೊಡೆದುಕೊಂಡಿತು. ಐಲಿಯ ತಂಗಿ ಸಿಲ್ವಿಯ. ಚರ್ಚಿನಲ್ಲಿ ನಾಳೆ ನೂರು ಜನರ ಕಾಫಿ ಇದೆ, ಬ್ರೆಡ್ಡಿಗೆ ಏಲಕ್ಕಿ ಎಷ್ಟು, ಯೀಸ್ಟ್ ಎಷ್ಟು, ಬೇಗ ಹೇಳೇ ಅಕ್ಕ ಅಂತ ಪ್ರಾಣ ತಿಂದಳು. ಐಲಿ ಫೋನನ್ನು ಕೆನ್ನೆ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಏಲಕ್ಕಿ ಆರು ಚಮಚ ಕಣೇ, ಯೀಸ್ಟ್ ನಾಲ್ಕು, ಅಲ್ಲ ಐದು ಹಾಕು, ಅನ್ನುತ್ತಲೇ ಹಾರ್ಡ್‌ನರ್ ಹಾಕಿದಳು. ಫೋನು ಇಟ್ಟ ಮೇಲೆ ತಾನು ಹಾಕಿದ್ದು ಮೂರೋ ಐದೋ ಅವಳಿಗೆ ನೆನಪಿರಲಿಲ್ಲ. ಇಡೀ ಜೀವಮಾನದಲ್ಲಿ ಅಳತೆ ತಪ್ಪಿದವಳಲ್ಲ. ಅದೇ ಜಂಬ ಅವಳ ಬಾಯಿ ಕಟ್ಟಿತು. ಐದೇ ಇರಬೇಕು ಅಂದುಕೊಂಡು ಕಲಸಿ ಕೊಟ್ಟಳು.

ರೂಡಿ ಅಂಟು ಹಚ್ಚಿ, ಮೂವತ್ತೆಂಟು ಕ್ಲಾಂಪು ಬಿಗಿದು, ಅದರ ಮೇಲೆ ಅವನ ಅಮ್ಮನ ಹಳೆಯ ರಜಾಯಿ ಹೊದಿಸಿ, ಸುತ್ತ ನಾಲ್ಕು ಬಿಸಿ ದೀಪ ಉರಿಸಿ ಮಲಗಲು ಹೋದ. ಹೊರಗೆ ಮೈ ಮರಗಟ್ಟುವ ಚಳಿ. ಐಲಿ ಬೆಂಚು ಒರೆಸಿದಳು. ಕಲಸಿದ ಕಾಗದದ ಬಟ್ಟಲಲ್ಲಿ ಒಂದಿಷ್ಟು ಅಂಟು ಉಳಿದಿತ್ತು. ಅದರ ಮೇಲೆ ತಾರೀಖು ಬರೆದು ಎತ್ತಿಟ್ಟಳು. ವಿಮಾನ ಕಟ್ಟುವವರೆಲ್ಲ ಹೀಗೆ ಮಾಡುತ್ತಾರೆ. ಕೂಡಿನೊಳಗೆ ಇಣುಕಲು ಆಗುವುದಿಲ್ಲವಲ್ಲ, ಬಟ್ಟಲಲ್ಲಿ ಉಳಿದದ್ದು ಮರುದಿನ ಕಲ್ಲಾಗಿದ್ದರೆ ಒಳಗಿನದೂ ಕಲ್ಲಾಗಿದೆ ಎಂದು ಲೆಕ್ಕ.

ಬೆಳಿಗ್ಗೆ ರೂಡಿ ಪಾಳಿಗೆ ಹೋದ ಮೇಲೆ ಐಲಿ ಬಟ್ಟಲು ತೆಗೆದು ಹೆಬ್ಬೆರಳಿನಿಂದ ಒತ್ತಿದಳು. ಉಗುರು ಒಳಗೆ ಹೋಯಿತು. ಬೆರಳಿಗೆ ಅಂಟಂಟಾಗಿ ಮೆತ್ತಿಕೊಂಡಿತು.

"ಅಯ್ಯೋ ದೇವರೇ," ಅಂದ ಮಾರ್ವ್.

"ಆ ಬಟ್ಟಲನ್ನ ಒಲೆಗೆ ಹಾಕ್ದೆ. ಸಂಜೆ ಬಂದ. ಹತ್ತು ತಿಂಗಳಾದ್ಮೇಲೆ ಮೈಯೆಲ್ಲ ಗಣಿ ಕೆಂಪು ಮಣ್ಣು ಹಚ್ಕೊಂಡು ಬಂದಿದ್ದ. ಬಾಗಿಲಲ್ಲೇ ನಿಂತು, ಬಟ್ಟಲು ಹೆಂಗಿತ್ತೇ ಅಂತ ಕೇಳ್ದ. ಅವನ ಮುಖ ನೋಡ್ದೆ. ಕಲ್ಲು ಅಂದುಬಿಟ್ಟೆ."

ಭಾನುವಾರ ಹೇಳೋಣ ಅಂದುಕೊಂಡಿದ್ದಳು. ಶನಿವಾರವೇ ಅವನು ಕೂಡಿನ ಎರಡೂ ಕಡೆ ಪ್ಲೈವುಡ್ಡು ಹೊಡೆದು ಮುಚ್ಚಿದ. ಆಮೇಲೆ ಹೇಳಿದ್ದರೆ ಅಷ್ಟನ್ನೂ ಒಡೆಯಬೇಕಿತ್ತು. ಮೂರು ಚಳಿಗಾಲದ ಕೆಲಸ. ಒಂದು ತಿಂಗಳು ಕಳೆಯಿತು, ವರ್ಷ ಕಳೆಯಿತು. ವಿಮಾನ ಮುಗಿದು, ಪರೀಕ್ಷಿಸಲು ಬಂದ ಅಧಿಕಾರಿ ಒಡಲನ್ನು ತಟ್ಟಿ ನೋಡಿ, ಇಂಥ ಕೆಲಸ ಈ ಜಿಲ್ಲೆಯಲ್ಲೇ ನೋಡಿಲ್ಲ ಅಂದು ಕೈಕುಲುಕಿದ. ಆ ದಿನವಾದರೂ ಹೇಳಬೇಕಿತ್ತು. ಹೇಳಲಿಲ್ಲ. ರೂಡಿ ಹಾರಿದ, ಇಳಿದ, ಮಗುವಿನ ಹಾಗೆ ಕುಣಿದ. ಏನೂ ಆಗಲಿಲ್ಲವಲ್ಲ, ಪೂರ್ತಿ ಗಟ್ಟಿಯಾಗದಿದ್ದರೂ ಅರ್ಧ ಹಿಡಿದಿರಬೇಕು ಅಂತ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಈಗ ಹೇಳಿದರೆ ಅದೇ ದಿನ ಅವನು ಗರಗಸ ಎತ್ತಿಕೊಳ್ಳುತ್ತಾನೆ, ಆಮೇಲೆ ಅವನಿಗೆ ಬದುಕಲು ಏನು ಉಳಿಯುತ್ತದೆ? ಹೀಗೆ ಹನ್ನೊಂದು ಬೇಸಿಗೆ.

"ಅದಕ್ಕೇ ನೀನು ಯಾವತ್ತೂ ಕೂರ್ಲಿಲ್ಲ," ಅಂದ ಮಾರ್ವ್ ನಿಧಾನವಾಗಿ. "ತಲೆಸುತ್ತು ಅಲ್ಲ, ಏನೂ ಅಲ್ಲ."

"ಏಣಿ ಹತ್ತಿ ಮಾಡಿನ ಹಿಮ ಬಳೀತೀನಿ. ನಂಗ್ಯಾವ ತಲೆಸುತ್ತು?"

ಅವಳು ಬೆಂಚಿನ ಅಂಚು ಹಿಡಿದುಕೊಂಡಳು. "ಅವನನ್ನ ಕಳಿಸ್ದೆ ಮಾರ್ವ್. ನಾನು ಕೂರೋಕೆ ಹೆದರಿದ್ದರಲ್ಲಿ ಅವನನ್ನ ಕೂರ್ಸಿ ಕಳಿಸ್ದೆ. ಸುಳ್ಳು ಹೇಳಿದ್ದು ಇರ್ಲಿ, ಅದಕ್ಕಾದ್ರೂ ಏನೋ ಒಂದು ನೆಪ ಇದೆ. ಇದಕ್ಕೇನು ಹೇಳ್ಲಿ? ಹೆದರ್ಕೊಂಡಿದ್ದೋಳು ಹೋಗಿ ಅವನ ಪಕ್ಕ ಕೂತ್ಕೋಬೇಕಿತ್ತು. ಬಿದ್ರೆ ಇಬ್ರೂ ಬೀಳ್ತಿದ್ವಿ."

ಅದಕ್ಕೆ ಮಾರ್ವ್ ಹೇಳಿದ ಮಾತನ್ನು ಕೇಳಿದರೆ ಅವನು ಎಷ್ಟು ಒಳ್ಳೆಯವನು, ಎಷ್ಟು ಪೆದ್ದ ಎರಡೂ ಗೊತ್ತಾಗುತ್ತದೆ.

"ನೋಡು, ನಾನೂರು ಗಂಟೆ ಹಾರಿದೆ. ಅಲೆಗಳ ಮೇಲೆ ಎಷ್ಟು ಸಲ ದಪ್ ದಪ್ ಅಂತ ಕುಕ್ಕಿದಾನೋ. ಹಿಡ್ಕೊಂಡಿದೆ. ನೀನು ನಂಗೆ ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ಮಾರಿಬಿಡು."

"ಆ ಹುಡುಗಿ ಅದ್ರಲ್ಲಿ ಕೂತಿದ್ಲಲ್ಲ, ನೋಡಿದ್ಯಾ?"

ಮಾರ್ವ್ ನೋಡಿದ್ದ. ಅವನು ತಲೆ ತಗ್ಗಿಸಿದ.

"ತೂತು ಹೊಡೆದು ನೋಡೋಕಾಗಲ್ವಾ?"

"ಒಂದು ಕಡೆ ತೂತು ಹೊಡೆದ್ರೆ ಆ ತೂತಿನ ಕತೆ ಮಾತ್ರ ಗೊತ್ತಾಗುತ್ತೆ. ಪಕ್ಕದ ಅಂಗುಲದ ಕತೆ ಯಾರು ಹೇಳ್ಬೇಕು? ಪೂರ್ತಿ ಗೊತ್ತಾಗ್ಬೇಕು ಅಂದ್ರೆ ಕೂಡನ್ನೇ ಕೊಯ್ಯಬೇಕು. ಕೊಯ್ದ್ರೆ ಅದು ವಿಮಾನ ಅಲ್ಲ."

ಈ ಹವ್ಯಾಸದವರಲ್ಲಿ ಒಂದು ರೂಢಿಯಿದೆ. ತಗಡಿನ ಮೇಲೆ ತನ್ನ ಹೆಸರಿರುವ ವಿಮಾನ ಪರರ ಕೈಯಲ್ಲಿ ಬಿದ್ದು ಯಾರಾದರೂ ಸತ್ತರೆ ಎಂಬ ದಿಗಿಲು ಕಟ್ಟಿದವನನ್ನು ಮುದಿತನದಲ್ಲಿ ಹಿಡಿಯುತ್ತದೆ. ಅಂಥವರು ಮಾರುವುದಿಲ್ಲ, ಕೊಯ್ಯಿಸುತ್ತಾರೆ. ತಾವೇ ಕೊಯ್ಯಲು ಕೈ ಬರುವುದಿಲ್ಲ, ಗೆಳೆಯನನ್ನು ಕರೆಯುತ್ತಾರೆ. ಮಾರ್ವ್ ಇಬ್ಬರಿಗೆ ಆ ಕೆಲಸ ಮಾಡಿಕೊಟ್ಟಿದ್ದ. ಎರಡು ಸಲವೂ ಮನೆಗೆ ಬಂದು ಊಟ ಮಾಡದೆ ಮಲಗಿದ್ದ.

"ಬುಧವಾರ ಬಾ," ಅಂದಳು ಐಲಿ. "ಗರಗಸ ತಗೊಂಡು ಬಾ."

"ಇನ್ನೊಂದ್ಸಲ ಯೋಚನೆ ಮಾಡು."

"ಹದಿನಾರು ವರ್ಷ ಮಾಡಿದೀನಿ."

ಬುಧವಾರ ಮಾರ್ವ್ ಕೆರೆಯ ಆಚೆ ದಡದಿಂದ ತನ್ನ ಪುಟ್ಟ ವಿಮಾನದಲ್ಲೇ ಬಂದು ಕಟ್ಟೆಗೆ ಹಗ್ಗ ಕಟ್ಟಿದ. ಗಾಳಿ ಇಲ್ಲ, ನೀರು ಅಲುಗಾಡದೆ ಬಿದ್ದಿತ್ತು. ಅವನ ಕೈಯಲ್ಲಿ ವಿದ್ಯುತ್ ಗರಗಸ, ಜೇಬಿನಲ್ಲಿ ಆರು ಹೊಸ ಅಲಗು. ಐಲಿ ರೂಡಿಯ ಹಳೆಯ ಅಂಗಿ ತೊಟ್ಟು ತಲೆಗೆ ಬಟ್ಟೆ ಕಟ್ಟಿ ನಿಂತಿದ್ದಳು. ಇಂಜಿನ್ನನ್ನು, ಚಕ್ರಗಳನ್ನು, ಗಡಿಯಾರದಂಥ ಮೀಟರುಗಳನ್ನು ಅವಳೇ ಬೆಳಗ್ಗಿನಿಂದ ಬಿಚ್ಚಿ ಸಾಲಾಗಿ ಇಟ್ಟಿದ್ದಳು. ಎಲ್ಲಿ ಯಾವ ತಿರುಪು ಇದೆ ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

"ನೀನು ಒಳಗೆ ಹೋಗು," ಅಂದ ಮಾರ್ವ್. "ನೋಡ್ಬೇಡ."

"ಕಟ್ಟೋವಾಗ ಇದ್ದೆ."

ಮೊದಲು ರೆಕ್ಕೆ ಕಳಚಿದರು. ಆಮೇಲೆ ಮಾರ್ವ್ ಒಡಲಿನ ಹಿಂಭಾಗಕ್ಕೆ ಗರಗಸ ಇಟ್ಟ. ಪ್ಲೈವುಡ್ಡು ಸುಲಭವಾಗಿ ಕೊಯ್ಯಿಸಿಕೊಂಡಿತು. ಹಳದಿ ಬಣ್ಣದ ಪುಡಿ ನೆಲದ ಮೇಲೆ ಉದುರಿತು, ಒಳಗಿನ ಮರದ ವಾಸನೆ ಶೆಡ್ಡು ತುಂಬಿತು. ಬಾಲ ಒಂದು ಕಡೆ ಬಿತ್ತು. ಮೂತಿ ಬೇರೆಯಾಯಿತು. ಕೊನೆಗೆ ನಡುವಿನ ತುಂಡು ಉಳಿಯಿತು, ಎರಡು ಸೀಟು, ಅದರ ಹಿಂದೆ ಅಡ್ಡತೊಲೆ.

ಮಾರ್ವ್ ಕೂಡಿನ ಮೇಲೆ ಅಲಗಿಟ್ಟ. ಗರಗಸದ ದನಿ ಬದಲಾಯಿತು. ಹೊಗೆ ಬಂತು. ಅಲಗು ಮೊಂಡಾಯಿತು ಎಂದು ಬದಲಾಯಿಸಿದ. ಎರಡನೆಯದೂ ಅಷ್ಟೇ ಬೇಗ ಮೊಂಡಾಯಿತು. ಅವನು ಐಲಿಯ ಕಡೆ ನೋಡಲಿಲ್ಲ. ಮೂರನೇ ಅಲಗು ಹಾಕಿ ಅಂತೂ ಕೊಯ್ದು ಮುಗಿಸಿದ. ರೊಟ್ಟಿಯ ಚೂರಿನಷ್ಟು ಅಗಲದ ತುಂಡೊಂದನ್ನು ಹೊರಗೆಳೆದು ಬೆಂಚಿನ ಮೇಲಿಟ್ಟ. ನಡುವೆ ಅಂಟಿನ ಗೆರೆ ಕಾಣುತ್ತಿತ್ತು, ಕಂದು ಬಣ್ಣದ್ದು, ಕೂದಲಿನಷ್ಟು ತೆಳು.

ಐಲಿ ಹೆಬ್ಬೆರಳ ಉಗುರಿನಿಂದ ಒತ್ತಿದಳು. ಉಗುರು ಬಾಗಿತು.

"ಉಳಿ ಕೊಡು," ಅಂದ ಮಾರ್ವ್.

ಅಂಟಿನ ಗೆರೆಗೇ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ಇನ್ನೊಂದು ಏಟು ಹೊಡೆದ. ಮೂರನೇ ಏಟಿಗೆ ತುಂಡು ಚಟ್ ಎಂದು ಎರಡಾಯಿತು. ಮಾರ್ವ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಬೇರೆ ತುಂಡು ತೆಗೆದ, ಹೊಡೆದ, ನೋಡಿದ. ಹೀಗೆ ಎಡಗಡೆಯಿಂದ ನಾಲ್ಕು, ಬಲಗಡೆಯಿಂದ ನಾಲ್ಕು. ಕಡೆಗೆ ಸುತ್ತಿಗೆಯನ್ನು ಕೆಳಗಿಟ್ಟ.

"ಹೇಳು," ಅಂದಳು ಐಲಿ.

"ನಿಂಗೇ ಕಾಣ್ತಿದೆಯಲ್ಲ."

"ನಿನ್ನ ಬಾಯಲ್ಲೇ ಕೇಳ್ಬೇಕು."

"ಮರ ಹರೀತು ಐಲಿ. ಅಂಟು ಹರೀಲಿಲ್ಲ. ಎಲ್ಲಿ ಹೊಡೆದ್ರೂ ಮರಾನೇ ಹರೀತಿದೆ." ಅವನು ತುಂಡುಗಳನ್ನು ಅವಳ ಕಡೆ ತಳ್ಳಿದ. "ಇದಕ್ಕಿಂತ ಒಳ್ಳೆ ಕೂಡು ನಾನು ನೋಡಿಲ್ಲ. ನೀನು ಹಾಕಿದ್ದು ಐದೇ ಚಮಚ."

ಐಲಿ ಒಂದು ತುಂಡನ್ನು ಕೈಗೆ ತೆಗೆದುಕೊಂಡಳು. ಮರದ ಎಳೆಗಳು ಕಿತ್ತು ಬಂದು ಅಂಟಿನ ಎರಡೂ ಬದಿಗೆ ಹಿಡಿದುಕೊಂಡಿದ್ದವು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬಟ್ಟಲು ಮೆತ್ತಗಿತ್ತು ಮಾರ್ವ್. ನನ್ನ ಬೆರಳಿಗೆ ಮೆತ್ಕೊಂಡಿತ್ತು. ಸುಳ್ಳಲ್ಲ."

"ಬಟ್ಟಲು ಎಲ್ಲಿಟ್ಟಿದ್ದೆ?"

"ಅಲ್ಲಿ. ಕಿಟಕಿ ಹತ್ರ. ಬೆಂಚು ಒರೆಸ್ಬೇಕಿತ್ತಲ್ಲ, ಅಡ್ಡ ಆಗುತ್ತೆ ಅಂತ ಅಲ್ಲಿ ಎತ್ತಿಟ್ಟೆ."

ಮಾರ್ವ್ ಕಣ್ಣು ಮುಚ್ಚಿಕೊಂಡ. ಅದು ಒಂದೇ ಗಾಜಿನ ಕಿಟಕಿ. ಜನವರಿಯಲ್ಲಿ ಅದರ ಒಳಗಡೆಯೂ ಬೆರಳಷ್ಟು ದಪ್ಪ ಹಿಮ ಕಟ್ಟುತ್ತಿತ್ತು.

"ರಜಾಯಿ ಹೊದಿಸಿ ದೀಪ ಇಟ್ಟಿದ್ದು ಕೂಡಿಗೆ," ಅಂದ. "ಬಟ್ಟಲು ಚಳೀಲಿ ಕೂತಿತ್ತು. ಆ ಚಳಿಗೆ ಯಾವ ಅಂಟೂ ಬೆಳಗಾಗೋಷ್ಟರಲ್ಲಿ ಗಟ್ಟಿಯಾಗಲ್ಲ. ಒಳಗೆ ತಂದು ಒಲೆ ಪಕ್ಕ ಇಟ್ಟಿದ್ರೆ ಮಧ್ಯಾಹ್ನಕ್ಕೆಲ್ಲ ಕಲ್ಲಾಗಿರ್ತಿತ್ತು. ಬಟ್ಟಲನ್ನೂ ಕೆಲಸದ ಪಕ್ಕಾನೇ ಮಲಗಿಸ್ಬೇಕು ಅಂತ ರೂಡಿ ಎಷ್ಟು ಸಲ ಹೇಳ್ತಿದ್ದ. ಅಯ್ಯೋ, ನಾನು ಶನಿವಾರಾನೇ ಕೇಳ್ಬೇಕಿತ್ತು ಕಣೇ. ಆ ಒಂದು ಮಾತು ಕೇಳೋಕೆ ನಂಗೆ ಬುದ್ಧಿ ಬರ್ಲಿಲ್ಲ."

"ಕೇಳಿದ್ರೂ ನಾನು ಕೊಯ್ಯಿಸ್ತಿದ್ದೆ."

ಅದು ನಿಜವೋ ಅಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಹಾಗೆ ಹೇಳಿದ್ದು ಮಾರ್ವ್‌ನ ಮುಖ ನೋಡಲಾಗದೆ. ಅವನು ಅರವತ್ತೇಳು ವರ್ಷದ ಗಂಡಸು, ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ.

ಐಲಿಗೆ ಅಳು ಬರಲಿಲ್ಲ. ರೂಡಿಯ ಮಾತು ನೆನಪಾಯಿತು. ಪ್ರತಿ ವರ್ಷ ಕೆರೆಯ ಮಂಜುಗಡ್ಡೆ ಕರಗಿದ ದಿನ ರೂಡಿ ಶೆಡ್ಡಿನ ಬಾಗಿಲು ತೆರೆದು, ಏನೂ ಅಲ್ಲವೆಂಬಂತೆ, "ಈ ವರ್ಷ?" ಅನ್ನುತ್ತಿದ್ದ. ಅವಳು ತಲೆಸುತ್ತು ಅನ್ನುತ್ತಿದ್ದಳು. ಮೊದಮೊದಲು ಅವನು ಕೀಟಲೆ ಮಾಡುತ್ತಿದ್ದ, ಶುಂಠಿ ಜಗಿ, ಮಾತ್ರೆ ತಗೋ, ಕಣ್ಣು ಮುಚ್ಚಿಕೊಂಡು ಕೂತ್ಕೋ ಅನ್ನುತ್ತಿದ್ದ. ಬರುಬರುತ್ತ ಕೀಟಲೆ ಕಡಿಮೆಯಾಯಿತು. ಕಳೆದ ವರ್ಷ ಅವನು ಕೇಳಿದ ರೀತಿಯೇ ಬೇರೆ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ, ಅವಳ ಮುಖ ನೋಡದೆ ಕೇಳಿದ್ದ.

"ನನ್ನ ಕೆಲಸದ ಮೇಲೆ ನಿಂಗೆ ನಂಬಿಕೆ ಇಲ್ಲ ಅಂತಿದ್ರೆ ಹೇಳ್ಬಿಡೇ. ನಂಗೆ ಬೇಜಾರಿಲ್ಲ. ಎಲ್ಲಿ ಅಂತ ತೋರ್ಸು, ಅಲ್ಲಿ ಬಿಚ್ಚಿ ತೋರಿಸ್ತೀನಿ."

ಎಲ್ಲಿ ಅಂತ ಅವಳಿಗೆ ಗೊತ್ತಿತ್ತು. ಬೆರಳಿಟ್ಟು ತೋರಿಸಬಹುದಿತ್ತು. ಥೂ, ನಿನ್ನ ಕೆಲಸಕ್ಕೇನಾಗಿದೆ, ನಂಗೆ ತಲೆ ಸುತ್ತುತ್ತೆ ಅಷ್ಟೇ ಅಂದಳು. ರೂಡಿ ತಲೆಯಾಡಿಸಿ ಮರಳಿನ ಚೀಲಕ್ಕೆ ಬೆಲ್ಟು ಕಟ್ಟಿದ. ಹೆಂಡತಿಗೆ ತನ್ನ ಕೈಗೆಲಸದ ಮೇಲೆ ನಂಬಿಕೆಯಿಲ್ಲ ಎಂದು ನಂಬಿಯೇ ಅವನು ಸತ್ತ. ಅವಳು ನಂಬದಿದ್ದದ್ದು ತನ್ನ ಕೈಯನ್ನು.

ಇನ್ನೊಂದು ಸಂಗತಿಯಿತ್ತು, ಅದನ್ನು ಮಾರ್ವ್‌ಗೂ ಹೇಳಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾಫಿ ಹಿಡಿದು ಕೋಣೆಗೆ ಹೋದಾಗ ರೂಡಿ ಹಾಸಿಗೆಯಲ್ಲಿ ತಣ್ಣಗೆ ಮಲಗಿದ್ದ. ಮುಟ್ಟಿ ನೋಡಿದಳು. ಗೊತ್ತಾಯಿತು. ಆ ಕ್ಷಣ ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ನಿಟ್ಟುಸಿರು. ಸದ್ಯ, ಅದರಲ್ಲಿ ಸಾಯಲಿಲ್ಲ, ನನ್ನಿಂದ ಸಾಯಲಿಲ್ಲ ಅಂದುಕೊಂಡಿದ್ದಳು. ಐದು ತಿಂಗಳು ಅದೊಂದೇ ಸಮಾಧಾನವನ್ನು ಕಟ್ಟಿಕೊಂಡು ಬದುಕಿದ್ದಳು. ಈಗ ಆ ಸಮಾಧಾನಕ್ಕೂ ಅರ್ಥವಿಲ್ಲ. ಅವನು ಅದರಲ್ಲಿ ಸಾಯುವ ಮಾತೇ ಇರಲಿಲ್ಲ. ಹನ್ನೊಂದು ಬೇಸಿಗೆಯ ಯಾವ ಬೆಳಗ್ಗೆ ಬೇಕಾದರೂ ಅವಳು ಹೋಗಿ ಅವನ ಪಕ್ಕ ಕೂತಿದ್ದರೆ, ಸುಮ್ಮನೆ ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ಇಬ್ಬರೂ ಮನೆಗೆ ಬಂದಿರುತ್ತಿದ್ದರು.

ಮಾರ್ವ್ ಗರಗಸದ ವೈರನ್ನು ಸುತ್ತಿದ. ಕೆಲಸ ಮುಗಿದಿತ್ತು, ಹೋಗಬಹುದಿತ್ತು. ಅವನಿಗೆ ಹೋಗಲು ಕಾಲು ಬರಲಿಲ್ಲ.

"ಐಲಿ."

"ಹೂಂ."

"ನಂದು ಕಟ್ಟೇಲಿ ನಿಂತಿದೆ. ಗಾಳಿ ಇಲ್ಲ. ಬಾ, ಒಂದೇ ಒಂದು ಸುತ್ತು ಹೋಗಿ ಬರೋಣ. ಆಮೇಲೆ ಬೇಕಾದ್ರೆ ನನ್ನ ಬಯ್ಯಿ." ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಮೇಲಿಂದ ಈ ಮನೆ, ಶೆಡ್ಡು, ಕಟ್ಟೆ ಎಲ್ಲ ಕಾಣುತ್ತೆ. ಅವನು ಯಾವಾಗ್ಲೂ ನಿಮ್ಮನೆ ಮೇಲೆ ಬಂದಾಗ ಬಲಗಡೆ ರೆಕ್ಕೆ ಬಗ್ಗಿಸ್ತಿದ್ದ, ಗೊತ್ತಾ? ಆ ಸೀಟಲ್ಲಿ ಕೂತೋರಿಗೆ ಚೆನ್ನಾಗಿ ಕಾಣ್ಲಿ ಅಂತ. ಯಾರೂ ಕೂತಿಲ್ಲದಿದ್ರೂ ಬಗ್ಗಿಸ್ತಿದ್ದ."

ಐಲಿಗೆ ಅದು ಗೊತ್ತಿರಲಿಲ್ಲ. ಕಟ್ಟೆಯ ಮೇಲಿನಿಂದ ಅದು ಕಾಣುತ್ತಿತ್ತು, ಆದರೆ ಯಾಕೆ ಎಂದು ಅವಳಿಗೆ ತಿಳಿದಿರಲಿಲ್ಲ. ಪ್ರತಿ ಸಲವೂ ರೆಕ್ಕೆ ಬಿಟ್ಟುಕೊಂಡಿತೆಂದೇ ಅವಳ ಜೀವ ಬಾಯಿಗೆ ಬರುತ್ತಿತ್ತು.

ಅವಳು ಕಟ್ಟೆಯ ಕಡೆ ನೋಡಿದಳು.

"ಹನ್ನೊಂದು ವರ್ಷ ಕರೆದ್ನಲ್ಲ ಮಾರ್ವ್. ಅವನು ಕರೆದಾಗ ಹೋಗ್ದೆ ಈಗ ನಿನ್ನ ಜೊತೆ ಬಂದ್ರೆ, ನಾಳೆ ಮೇಲೆ ಸಿಕ್ಕಾಗ ಅವನಿಗೆ ಏನಂತ ಹೇಳ್ಲಿ?"

ಮಾರ್ವ್ ಟೋಪಿ ಹಾಕಿಕೊಂಡು ಕಟ್ಟೆಯ ಕಡೆ ಹೋದ. ಐಲಿ ಕೊಯ್ದ ತುಂಡುಗಳ ನಡುವೆ ಬಲಗಡೆಯ ಸೀಟನ್ನು ಹಿಡಿದುಕೊಂಡು ನಿಂತಳು. ಆಗ ಅಳು ಬಂತು. ಗಂಡ ಸತ್ತ ಹೆಂಗಸು ಅಳುವ ಹಾಗೆ, ಐದು ತಿಂಗಳು ತಡವಾಗಿ, ದೊಡ್ಡ ದನಿ ತೆಗೆದು ಅತ್ತಳು.